ಗಾಳಿ ಪಂಪ್ ಕೊಳ್ಳುವ ಮುಂಚೆ: ಪಿಎಸ್‌ಐ ಬೇರೆ, ಲೀಟರ್ ಬೇರೆ

ಕಾರು, ಸ್ಕೂಟರ್, ಮಗನ ಸೈಕಲ್ ಮೂರಕ್ಕೂ ಆಗುವಂಥ ಸಣ್ಣ ಏರ್ ಕಂಪ್ರೆಸರ್ ಬೇಕಿತ್ತು. ಶಿರಸಿ ಪೇಟೆಯಿಂದ ನಮ್ಮ ತೋಟದ ಮನೆ ದೂರ. ಮಳೆಗಾಲದ ರಾತ್ರಿ ಟೈರ್ ಇಳಿದರೆ ಪಂಕ್ಚರ್ ಅಂಗಡಿ ಎಲ್ಲಿ ಹುಡುಕೋದು? ಎರಡು ವಾರ ಕಲಿತದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಯಾವ ಅಂಕಿ ನೋಡಬೇಕು?

ಪೆಟ್ಟಿಗೆ ಮೇಲೆ ದೊಡ್ಡದಾಗಿ 150 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದಿರುತ್ತದೆ. ಅದು ಜಾಸ್ತಿ ಇದ್ದಷ್ಟೂ ಬೇಗ ತುಂಬುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಅಡಿಕೆ ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿ. ನೀರು ದೂರಕ್ಕೆ ಚಿಮ್ಮುತ್ತದೆ, ಆದರೆ ಕೊಡ ತುಂಬೋದು ತಡ. ಚಿಮ್ಮುವ ಜೋರು ಪಿಎಸ್‌ಐ. ಕೊಡ ತುಂಬುವ ವೇಗವೇ ನಿಮಿಷಕ್ಕೆ ಇಷ್ಟು ಲೀಟರ್ ಅನ್ನೋದು. ಕಾರಿನ ಟೈರಿಗೆ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ ಸಾಕು. ಹಾಗಾಗಿ ಲೀಟರ್ ನೋಡಿ.

ಎಷ್ಟು ಲೀಟರ್? ನಾನು ಮೂರು ಸಲ ಎಡವಿದ್ದು ಇಲ್ಲೇ. ಟೈರಿನೊಳಗೆ ಸುಮಾರು 30 ಲೀಟರ್ ಜಾಗ ಇದೆ ಅಂತಿಟ್ಟುಕೊಳ್ಳಿ. ಹಾಗಾದರೆ 30 ಲೀಟರ್ ಗಾಳಿ ಸಾಕು ಅಲ್ವಾ? ಸಾಲದು. ಗೇಜ್ (ಒತ್ತಡ ತೋರಿಸುವ ಮೀಟರ್) ಸೊನ್ನೆ ತೋರಿಸುವಾಗಲೂ ಟೈರಿನೊಳಗೆ ಗಾಳಿ ಇದ್ದೇ ಇರುತ್ತದೆ, ಹೊರಗಿನ ಗಾಳಿಯಷ್ಟೇ ಒತ್ತಡದಲ್ಲಿ. ಕಾರವಾರದ ಕಡಲತೀರದಲ್ಲಿ ಆ ಒತ್ತಡ ಸುಮಾರು 14.7 ಪಿಎಸ್‌ಐ. ಘಟ್ಟದ ಮೇಲೆ ಶಿರಸಿಯಲ್ಲಿ ಸ್ವಲ್ಪ ಕಮ್ಮಿ, ಲೆಕ್ಕ ಕೆಡೋದಿಲ್ಲ. ಗೇಜ್ ತೋರಿಸೋದು ಅದರ ಮೇಲಿನದನ್ನು ಮಾತ್ರ. ಅಂದರೆ ಗೇಜಿನಲ್ಲಿ ಒಂದೊಂದು 14.7 ಏರಿಸಲೂ ಹೊರಗಿನಿಂದ ಮತ್ತೆ 30 ಲೀಟರ್ ಒಳಗೆ ತುರುಕಬೇಕು.

ಪೂರ್ತಿ ಇಳಿದ ಟೈರಿಗೆ 33 ಬೇಕಾದರೆ: 33 ÷ 14.7 = 2.25 ಹತ್ತಿರ. ಅದನ್ನು 30ರಿಂದ ಗುಣಿಸಿದರೆ ಸುಮಾರು 67 ಲೀಟರ್. 22ರಿಂದ 33ಕ್ಕೆ ಏರಿಸೋದಾದರೆ 22 ಲೀಟರ್ ಚಿಲ್ಲರೆ.

ನಿಮಿಷಕ್ಕೆ 10 ಲೀಟರಿನ ಪಂಪಾದರೆ 67 ಲೀಟರಿಗೆ ಲೆಕ್ಕದಲ್ಲಿ 7 ನಿಮಿಷ. ನಿಜಕ್ಕೆ ಇನ್ನೂ ಜಾಸ್ತಿ, ಏಕೆಂದರೆ ಟೈರ್ ಬಿಗಿಯಾದ ಹಾಗೆ ಪಂಪ್ ದೂಡುವ ಗಾಳಿ ಕಮ್ಮಿಯಾಗುತ್ತದೆ. ಸಣ್ಣ ಪಂಪುಗಳನ್ನು ಹತ್ತು ಹದಿನೈದು ನಿಮಿಷ ಓಡಿಸಿದರೆ ತಣಿಯಲು ಬಿಡಬೇಕು. ಅದಕ್ಕೇ ನಾನು ನಿಮಿಷಕ್ಕೆ 30 ಲೀಟರಿನದನ್ನು ಆರಿಸಿದೆ.

ಕರೆಂಟು

ಕಾರಿನ ಸಾಕೆಟ್ 12 ವೋಲ್ಟ್. ಫ್ಯೂಸ್ 10 ಆಂಪ್ ಆದರೆ 120 ವ್ಯಾಟ್ ಮಾತ್ರ ಎಳೆಯಬಹುದು. ಭಾವನ ಪಂಪ್ ತಂದು ಸಿಕ್ಕಿಸಿ ನನ್ನ ಫ್ಯೂಸ್ ಸುಟ್ಟಿತು. ಆ ಪಂಪ್ 14 ಆಂಪ್ ಎಳೆಯುವಂಥದ್ದು. ದೊಡ್ಡ ಪಂಪಾದರೆ ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದು ಒಳ್ಳೆಯದು. ಎಂಜಿನ್ ಚಾಲೂ ಇರಲಿ, ಗಾಡಿ ಬಯಲಲ್ಲಿರಲಿ.

ಉಳಿದದ್ದು

ಟ್ಯಾಂಕ್ ಇರುವ ಕಂಪ್ರೆಸರ್ ಪೇಂಟ್ ಸ್ಪ್ರೇ ಮಾಡುವವರಿಗೆ. ಕರಾವಳಿಯ ಸೆಕೆಗೆ ಅದರೊಳಗೆ ನೀರು ಕೂಡುತ್ತದೆ, ಕೆಲಸ ಮುಗಿದಾಗೆಲ್ಲ ಅಡಿಯ ತಿರುಪು ಬಿಚ್ಚಿ ಹರಿಸಬೇಕು. ಹಳೇ ಸೈಕಲ್ ವಾಲ್ವಿಗೆ ಬೇರೆ ಅಡಾಪ್ಟರ್ ಬೇಕು.

ಗಾಳಿ ನೋಡೋದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಮನೆಯಲ್ಲಿ 33 ಹಾಕಿ ಹೊರಟೆ. ದೇವಿಮನೆ ಘಾಟಿ ಇಳಿದು ಕುಮಟಾದಲ್ಲಿ ನೋಡಿದರೆ ಟೈರ್ ಬಿಸಿಯಾಗಿ 37. ಗಾಳಿ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ 33ಕ್ಕೇ ಬಂದಿತ್ತು.