ಕೂಗುತ್ತಲೇ ಆಲಿಸುವ ಪೆಟ್ಟಿಗೆ

ಬೆಟ್ಟದ ಆಚೆಯ ಊರಿಗೂ ಈಚೆಯ ಊರಿಗೂ ಆರೇ ಕಿಲೋಮೀಟರ್ ಅಂತರವಿರಬಹುದು. ಎರಡೂ ಕಡೆ 5 ವಾಟ್‌ನ ಪುಟ್ಟ ರೇಡಿಯೋ ಹಿಡಿದು ನಿಂತವರಿಗೆ ಮಾತ್ರ ಪರಸ್ಪರರ ದನಿ ಕೇಳಿಸುವುದಿಲ್ಲ. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರು, ಹೆಚ್ಚಾಗಿ ಬಳಸುವ 145 ಮೆಗಾಹರ್ಟ್ಸ್ ಸುತ್ತಮುತ್ತಲಿನ ಅಲೆಗಳ ಉದ್ದ ಸುಮಾರು 2 ಮೀಟರ್. ಅವು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಶಿಖರದ ಅಂಚನ್ನು ಸವರಿ ಕೊಂಚ ಬಾಗುವುದುಂಟು, ಆದರೆ ಅದನ್ನೇ ನೆಚ್ಚಿಕೊಳ್ಳಲಾಗದು.

ಹಾಗಾಗಿ ಹ್ಯಾಮ್ ಕ್ಲಬ್‌ಗಳು ಅಡ್ಡ ನಿಂತ ಬೆಟ್ಟದ ತಲೆಯ ಮೇಲೆಯೇ, ಕೇಳಿಸಿಕೊಂಡ ದನಿಯನ್ನು ಮತ್ತೆ ಪ್ರಸಾರ ಮಾಡುವ ರಿಪೀಟರ್ ಕೂರಿಸುತ್ತವೆ. ಸುತ್ತಲಿನ ನೆಲಕ್ಕಿಂತ 1,000 ಮೀಟರ್ ಎತ್ತರದಲ್ಲಿರುವ ಆಂಟೆನಾದ ರೇಡಿಯೋ ದಿಗಂತ ಸುಮಾರು 130 ಕಿಲೋಮೀಟರ್ ದೂರದಲ್ಲಿರುತ್ತದೆ. ನಡುವೆ ಇನ್ನೊಂದು ಬೆಟ್ಟ ಎದ್ದಿಲ್ಲದಿದ್ದರೆ, ಎನ್ನಿ.

ರಿಪೀಟರ್ 145.000 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡದ್ದನ್ನು ಅದೇ ಕ್ಷಣ 145.600ರಲ್ಲಿ ಮರುಪ್ರಸಾರ ಮಾಡುತ್ತದೆ. ಹೇಳಲು ಸುಲಭ. ಆದರೆ ಕೇಳುವ ಕಿವಿಯೂ ಕೂಗುವ ಬಾಯಿಯೂ ಸಾಮಾನ್ಯವಾಗಿ ಒಂದೇ ಆಂಟೆನಾ! 50 ವಾಟ್ ಪ್ರಸಾರವೆಂದರೆ ಆ ಕೇಬಲ್‌ನಲ್ಲಿ ಸುಮಾರು 50 ವೋಲ್ಟ್. ಕಣಿವೆಯಿಂದ ಬರುವ ಕ್ಷೀಣ ಸಂಕೇತ 0.2 ಮೈಕ್ರೋವೋಲ್ಟ್ ಇರಬಹುದು. ಇಪ್ಪತ್ತೈದು ಕೋಟಿ ಪಟ್ಟು ವ್ಯತ್ಯಾಸ! ತನ್ನದೇ ಕೂಗಿಗೆ ರಿಪೀಟರ್ ಕಿವುಡಾಗಬೇಕಿತ್ತು.

ಹಾಗಾಗದಂತೆ ಕಾಯುವುದು ಡ್ಯೂಪ್ಲೆಕ್ಸರ್. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ನಿಜವಾದ ಜಾಣತನ ಇರುವುದು ಇಲ್ಲಿಯೇ. ನೋಡಲು ಸಾಲಾಗಿ ನಿಲ್ಲಿಸಿದ ಲೋಹದ ಡಬ್ಬಗಳು, ಅಷ್ಟೆ. ಪ್ರತಿ ಡಬ್ಬದೊಳಗೂ ಅಲೆಯುದ್ದದ ಕಾಲು ಭಾಗದಷ್ಟು, ಅಂದರೆ ಸುಮಾರು ಅರ್ಧ ಮೀಟರ್ ಉದ್ದದ ಸರಳು. ಬೇಕಾದ ಕಂಪನಾಂಕವನ್ನು ಹೋಗಗೊಟ್ಟು, 600 ಕಿಲೋಹರ್ಟ್ಸ್ ಆಚೆಯದನ್ನು ತಡೆಯುವಂತೆ ಸರಳನ್ನು ಕೂದಲೆಳೆಯಷ್ಟು ಸರಿಸಿ ಶ್ರುತಿ ಮಾಡುತ್ತಾರೆ. ಬಿಸಿಲಿಗೆ ಲೋಹ ಹಿಗ್ಗಿದರೆ ಶ್ರುತಿ ಕೆಡುತ್ತದೆ. ಅದಕ್ಕೇ ಒಳ್ಳೆಯ ಡಬ್ಬಗಳಲ್ಲಿ, ಶಾಖಕ್ಕೆ ಅಷ್ಟಾಗಿ ಹಿಗ್ಗದ ಇನ್ವಾರ್ ಮಿಶ್ರಲೋಹದ ಕಡ್ಡಿಯನ್ನು ಬಳಸುತ್ತಾರೆ.

ಎತ್ತರಕ್ಕೆ ತೆರಬೇಕಾದ ಬೆಲೆಯೂ ಇದೆ. ಸಿಡಿಲು, ಮಂಜು, ಮೋಡ ಕವಿದ ವಾರಗಳಲ್ಲಿ ಸೊರಗುವ ಸೌರ ಬ್ಯಾಟರಿ, ಕೆಟ್ಟಾಗಲೆಲ್ಲ ಉಪಕರಣ ಹೊತ್ತು ಹತ್ತಬೇಕಾದ ಕ್ಲಬ್ ಸದಸ್ಯರ ಮಂಡಿನೋವು. ಜೊತೆಗೆ ಬೆಟ್ಟದ ತುದಿಗೆ ದೂರದ ಬೇಡದ ಸದ್ದೂ ಕೇಳುತ್ತದೆ. ಆದ್ದರಿಂದ ಮಾತಿನೊಡನೆ 88.5 ಹರ್ಟ್ಸ್‌ನಂತಹ ಸಣ್ಣ ಗುನುಗು ಬೆರೆತು ಬಂದರೆ ಮಾತ್ರ ರಿಪೀಟರ್ ಬಾಗಿಲು ತೆರೆಯುವಂತೆ ಮಾಡಿರುತ್ತಾರೆ.

ಎರಡು ಕಣಿವೆಯವರು ಒಟ್ಟಿಗೆ ಗುಂಡಿ ಒತ್ತಿದರೆ? ರಿಪೀಟರ್‌ನ ಎಫ್ಎಂ ರಿಸೀವರ್ ಬಲವಾದ ಸಂಕೇತವನ್ನು ಹಿಡಿದು ದುರ್ಬಲವಾದುದನ್ನು ಬಿಟ್ಟುಬಿಡುತ್ತದೆ. ಎರಡೂ ಸಮಬಲವಾದರೆ ಬರೀ ಕಿರುಚಾಟ. ಮೊದಲೇ ಪರಸ್ಪರ ಕೇಳಿಸದವರು, ಡಿಕ್ಕಿ ಹೊಡೆದದ್ದೂ ಅವರಿಗೆ ತಿಳಿಯದು. ಹೀಗಾಗಿ ಅನುಭವಿಗಳು ಒಬ್ಬರ ಮಾತು ಮುಗಿದೊಡನೆ ಗುಂಡಿ ಒತ್ತುವುದಿಲ್ಲ, ಒಂದೆರಡು ಸೆಕೆಂಡು ಸುಮ್ಮನಿರುತ್ತಾರೆ. ಕಾಲು ಮುರಿದುಕೊಂಡ ಚಾರಣಿಗನ ಕ್ಷೀಣ ಸಂಕೇತ ಒಳಗೆ ನುಸುಳಲು ಸಿಗುವ ಎಡೆ ಅದೊಂದೇ.