ದೊಡ್ಡಮ್ಮ ಹತ್ತಿದ ನೀಲಿ ಬಸ್ಸು

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೊರಟ ನನ್ನ ದೊಡ್ಡಮ್ಮ ಒಮ್ಮೆ ಉಕ್ಕಿನಡ್ಕದಲ್ಲಿ ಇಳಿದಿದ್ದರು. ಅದು ಪೆರ್ಲದ ದಾರಿ. ಕತ್ತಲಾದ ಮೇಲೆ ಮನೆ ಸೇರಿದವರು ಚಪ್ಪಲಿ ಕಳಚುತ್ತಾ ಹೇಳಿದ್ದು ಒಂದೇ ಮಾತು. "ನನ್ಗೆ ಪ್ರಾಯ ಆಯ್ತು ಮಗಾ, ಎಂತದೂ ಗೊತ್ತಾಗುದಿಲ್ಲ."

ಆ ಮಾತು ಕೇಳಿ ಸಂಕಟವಾಯಿತು. ಅದೇ ಸ್ಟ್ಯಾಂಡಿನಲ್ಲಿ ಎಷ್ಟೋ ವರ್ಷ ಅವರು ಒಂದು ಸಲವೂ ತಪ್ಪು ಬಸ್ಸು ಹತ್ತಿದವರಲ್ಲ. ದೊಡ್ಡಮ್ಮ ಕಲಿತದ್ದು ಕನ್ನಡ ಶಾಲೆಯಲ್ಲಿ, ಐದನೇ ಕ್ಲಾಸಿನವರೆಗೆ. ದಿನಾ ಪೇಪರ್ ಓದುತ್ತಾರೆ. ಮಲಯಾಳ ಸಲೀಸಾಗಿ ಮಾತಾಡುತ್ತಾರೆ, ಅಕ್ಷರ ಮಾತ್ರ ಬಾರದು. ಅವರ ದಾರಿಯ ಬಸ್ಸಿನ ಬೋರ್ಡು ಮಲಯಾಳದಲ್ಲಿ. ಹಾಗಾಗಿ ಅವರು ಬೋರ್ಡು ನೋಡುತ್ತಲೇ ಇರಲಿಲ್ಲ, ಬಣ್ಣ ನೋಡುತ್ತಿದ್ದರು. ಹಳದಿಗೆ ಕೆಂಪು ಪಟ್ಟಿ ಇದ್ದದ್ದು ಮುಳ್ಳೇರಿಯದ ಬಸ್ಸು. ಬಿಳಿಗೆ ಹಸಿರು ಗೆರೆ ಇದ್ದದ್ದು ಪೆರ್ಲದ್ದು. ದೂರದ ತಿರುವಿನಲ್ಲಿ ಕಂಡಾಗಲೇ ಚೀಲ ಎತ್ತಿಕೊಂಡು ಏಳುತ್ತಿದ್ದರು.

2018ರಲ್ಲಿ ಕೇರಳದ ಖಾಸಗಿ ಬಸ್ಸುಗಳಿಗೆಲ್ಲ ಬಣ್ಣ ನಿಗದಿಯಾಯಿತು. ನಗರದ ಬಸ್ಸಿಗೆ ಹಸಿರು, ಲಿಮಿಟೆಡ್ ಸ್ಟಾಪಿಗೆ ಮರೂನ್, ನಮ್ಮೂರಿನ ಕಡೆ ಓಡುವ ಸಾಮಾನ್ಯ ಬಸ್ಸಿಗೆ ನೀಲಿ. ದೊಡ್ಡಮ್ಮನ ಬೋರ್ಡು ಅಲ್ಲಿಗೆ ಅಳಿಸಿಹೋಯಿತು.

ಇದೇ ರೀತಿಯ ಸಮಸ್ಯೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಲ್ಲೂ ಇತ್ತು. ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಹಿಂಬದಿಯ ಹಲಗೆ, ಅಂದರೆ ಫ್ಲಾಪ್, ಮಡಚಬೇಕು. ಆದರೆ ಕೆಲವರು ಫ್ಲಾಪಿನ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ರನ್‌ವೇ ಮೇಲೆ ಹೊಟ್ಟೆ ಊರಿ ಕೂರುತ್ತಿತ್ತು. ಪೈಲಟ್‌ನ ತಪ್ಪು ಅಂತ ಬರೆದು ಮುಗಿಸಬಹುದಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಕಾಕ್‌ಪಿಟ್‌ನ ಒಳಗೆ ನೋಡಿದರು. ಎರಡು ಸ್ವಿಚ್ಚುಗಳೂ ಅಕ್ಕಪಕ್ಕ, ನೋಡಲೂ ಮುಟ್ಟಲೂ ಒಂದೇ ಥರ. ಅವರು ಚಕ್ರದ ಸ್ವಿಚ್ಚಿಗೆ ಚಕ್ರದಂಥದ್ದೇ ಒಂದು ಸಣ್ಣ ರಬ್ಬರ್ ತುಂಡು, ಫ್ಲಾಪಿನ ಸ್ವಿಚ್ಚಿಗೆ ಬೆಣೆಯಾಕಾರದ ತುಂಡು ಅಂಟಿಸುವ ಉಪಾಯ ಹೇಳಿದರು. ಪೈಲಟ್ ಕಣ್ಣು ಹಾಯಿಸದೆ ಕೈಯಲ್ಲೇ ಗುರುತು ಹಿಡಿಯಬಹುದಾಯಿತು. ಇವತ್ತಿಗೂ ವಿಮಾನಗಳಲ್ಲಿ ಚಕ್ರದ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತದೆ.

ಯುದ್ಧದ ಪೈಲಟ್‌ಗಳಿಗೆ ಪ್ರಾಯ ಆಗಿರಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗರು, ತರಬೇತಿ ಪಡೆದವರು. ಅವರೂ ದೊಡ್ಡಮ್ಮನೂ ತಪ್ಪಿದ್ದು ಒಂದೇ ಕಾರಣಕ್ಕೆ. ಬೇರೆ ಬೇರೆ ಕೆಲಸದ ಎರಡು ವಸ್ತುಗಳು ನೋಡಲು ಒಂದೇ ಥರ ಇದ್ದವು.

ಬಳಸುವವರನ್ನು ನಡುವೆ ಇಟ್ಟುಕೊಂಡು ವಸ್ತುವನ್ನು ರೂಪಿಸುವ ವಿದ್ಯೆ ಬೆಳೆದದ್ದು ಇಂಥ ಗಮನಿಕೆಗಳಿಂದ. ಇದಕ್ಕೆ 'ಬಳಕೆದಾರ ಕೇಂದ್ರಿತ ವಿನ್ಯಾಸ' ಎಂಬ ಹೆಸರು 1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ ಮತ್ತು ಅವರ ಜೊತೆಗಾರರಿಂದ ಎಲ್ಲೆಡೆ ಹಬ್ಬಿತು. ಒಂದು ವಸ್ತು ತನ್ನನ್ನು ಹೇಗೆ ಬಳಸಬೇಕು ಅಂತ ತಾನೇ ಸೂಚಿಸಬೇಕು, ಇದು ನಾರ್ಮನ್ ಮತ್ತೆ ಮತ್ತೆ ಹೇಳಿದ ಮಾತು. ಬಾಗಿಲಿಗೆ ಹಿಡಿಕೆ ಇದ್ದರೆ ಕೈ ತಾನಾಗಿ ಎಳೆಯುತ್ತದೆ. ಹಿಡಿಕೆ ಇಟ್ಟು, ಮೇಲೆ 'ತಳ್ಳಿ' ಅಂತ ಚೀಟಿ ಅಂಟಿಸಿದ್ದರೆ ಆ ಬಾಗಿಲು ಸರಿ ಇಲ್ಲ ಅಂತಲೇ ಅರ್ಥ.

ಫೋನಿನ ವಿಷಯಕ್ಕೆ ಬರುತ್ತೇನೆ. ದೊಡ್ಡಮ್ಮನಿಗೆ ಫೋನ್ ಕೊಟ್ಟಾಗ ಮೊದಮೊದಲು ನಾನೇ ಅವಸರದಲ್ಲಿ "ಇಲ್ಲಿ ಒತ್ತಿ, ಅಲ್ಲಿ ಒತ್ತಿ" ಅನ್ನುತ್ತಿದ್ದೆ. ಒಂದು ದಿನ ಬಾಯಿ ಮುಚ್ಚಿ ಸುಮ್ನೆ ಪಕ್ಕದಲ್ಲಿ ಕೂತೆ. ಮುಂಬೈಯ ಮಗಳಿಗೆ ಕರೆ ಮಾಡಬೇಕಿತ್ತು. ಅವರು ಚಿತ್ರದ ಮೇಲೆ ಬೆರಳಿಟ್ಟರು. ಇಟ್ಟು ಒತ್ತಿ ಹಿಡಿದರು, ಮನೆಯ ಕಾಲಿಂಗ್ ಬೆಲ್ ಒತ್ತಿದ ಹಾಗೆ. ಬೀಡಿ ಕಟ್ಟಿ ಕಟ್ಟಿ ನುಣ್ಣಗಾದ, ಒಣಗಿದ ಬೆರಳು. ಗಟ್ಟಿಯಾಗಿ ಒತ್ತಿದರೇನೇ ಕೆಲಸ ಆಗುತ್ತದೆ ಅಂತ ಅವರ ಲೆಕ್ಕ. ಆದರೆ ಫೋನಿಗೆ ಮುಟ್ಟಿ ಬಿಡುವುದೇ ಬೇರೆ, ಒತ್ತಿ ಹಿಡಿಯುವುದೇ ಬೇರೆ. ಪರದೆಯ ಮೇಲೆ ಪಟಕ್ಕನೆ ಒಂದು ಪಟ್ಟಿ ತೆರೆದುಕೊಂಡಿತು. ದೊಡ್ಡಮ್ಮ ಕೈ ಹಿಂದೆ ಎಳೆದುಕೊಂಡರು. "ಎಂತದೋ ಬಂತು ಮಗಾ. ನಾನು ಎಂತದೂ ಮಾಡ್ಲಿಲ್ಲ."

ನಿಜಕ್ಕೂ ಅವರು ಏನೂ ತಪ್ಪು ಮಾಡಿರಲಿಲ್ಲ. ಒತ್ತಿ ಹಿಡಿದರೆ ಬೇರೆ ಅರ್ಥ ಅಂತ ಪರದೆಯ ಮೇಲೆ ಎಲ್ಲಿಯೂ ಗುರುತಿಲ್ಲ. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗಿನೊಳಗೆ ಹುಡುಕಿದರೆ ಆ ಒತ್ತುವ ಹೊತ್ತನ್ನು ಹೆಚ್ಚಿಸುವ ದಾರಿ ಇದೆ. ಹೆಚ್ಚಿಸಿದೆ. ಅವತ್ತಿನಿಂದ ಕರೆ ಹೋಗುತ್ತದೆ. ಭಾಷೆಯದ್ದೂ ಇದೇ ಕತೆ. ಕಾಸರಗೋಡು ಅಂತ ಗೊತ್ತಾದ ಕೂಡಲೇ ಕೆಲವು ಆಪ್‌ಗಳು ಮಲಯಾಳ ಮುಂದಿಡುತ್ತವೆ. 1956ರಿಂದ ನಮ್ಮ ಊರು ಕೇರಳದ್ದು, ಆದರೆ ನಮ್ಮಲ್ಲಿ ಎಷ್ಟೋ ಜನರ ಓದು ಈಗಲೂ ಕನ್ನಡದ್ದು. ಭಾಷೆಯನ್ನು ಊರು ನೋಡಿ ಅಲ್ಲ, ಮನುಷ್ಯನನ್ನು ಕೇಳಿ ತೀರ್ಮಾನಿಸಬೇಕು ಅಲ್ವಾ?

ಇದೇ ದೊಡ್ಡಮ್ಮ ಮತಯಂತ್ರದ ಮುಂದೆ ಎಂದೂ ತಡವರಿಸಿದವರಲ್ಲ. ಯಾಕೆ ಅಂತ ಯೋಚಿಸಿದಾಗ ನನಗೆ ಆ ಯಂತ್ರದ ಮೇಲೆ ಗೌರವ ಜಾಸ್ತಿಯಾಯಿತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಓದು ಬಾರದವರಿಗಾಗಿ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು ಚಿಹ್ನೆ ಅಂಟಿಸಿದ್ದರು. ಆ ಚಿಹ್ನೆ ಯಂತ್ರಕ್ಕೂ ಬಂತು. ಯಂತ್ರದಲ್ಲಿ ಮೊದಲು ಮತ ಹಾಕಿದವರೂ ಕೇರಳದವರೇ, 1982ರಲ್ಲಿ ಪರವೂರಿನ 50 ಮತಗಟ್ಟೆಗಳಲ್ಲಿ. ಹೆಸರು, ಚಿಹ್ನೆ, ಅದರ ನೇರಕ್ಕೇ ನೀಲಿ ಗುಂಡಿ. ಯಾವ ಗುಂಡಿ ಯಾರದ್ದು ಅಂತ ನೆನಪಿಡುವ ಕೆಲಸವಿಲ್ಲ. ಕಣ್ಣು ಕಾಣದವರಿಗೆ ಗುಂಡಿಯ ಪಕ್ಕ ಬ್ರೈಲ್ ಅಂಕಿ. ಒತ್ತಿದರೆ ಕೆಂಪು ದೀಪ, ಉದ್ದದ ಬೀಪ್. ಮತ ಯಾರಿಗೆ ಬಿತ್ತು ಅಂತ ಅಚ್ಚು ಹಾಕಿ ತೋರಿಸುವ ಪೆಟ್ಟಿಗೆ ವಿವಿಪ್ಯಾಟ್, ಅದರ ಗಾಜಿನ ಹಿಂದೆ ಚೀಟಿ 7 ಸೆಕೆಂಡು ಕಾಣುತ್ತದೆ. ಗಾಬರಿಯಲ್ಲಿ ಎರಡು ಸಲ ಒತ್ತಿದರೂ ಎರಡನೆಯದ್ದು ಲೆಕ್ಕಕ್ಕಿಲ್ಲ. ಅಧಿಕಾರಿ ಮುಂದಿನ ಮತಕ್ಕೆ ಅವಕಾಶ ಕೊಡುವವರೆಗೆ ಯಂತ್ರ ಸುಮ್ಮನಿರುತ್ತದೆ.

'ನೀವು ಮಾಡಿದ ಕೆಲಸ ಆಯಿತು' ಅಂತ ಯಂತ್ರ ತಿರುಗಿ ಹೇಳುವುದು ಸಣ್ಣ ವಿಷಯವಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿಯಿತು. ಕಂಟ್ರೋಲ್ ರೂಮಿನಲ್ಲಿ ಅದರ ದೀಪ ಆರಿತ್ತು. ಅಲ್ಲಿದ್ದವರು ವಾಲ್ವ್ ಮುಚ್ಚಿದೆ ಅಂತ ತಿಳಿದರು. ಆದರೆ ಆ ದೀಪ ಹೇಳುತ್ತಿದ್ದದ್ದು 'ಮುಚ್ಚು ಅಂತ ಸಂದೇಶ ಹೋಗಿದೆ' ಅಂತ ಮಾತ್ರ. ಎರಡು ಗಂಟೆಗೂ ಮಿಕ್ಕಿ ತಂಪಿಡುವ ನೀರು ಸೋರಿತು. ಇಂಧನದ ಒಂದು ಭಾಗ ಕರಗಿಹೋಯಿತು.

ನಮ್ಮ ಬಸ್ಸಿನ ಬೆಲ್ ನೋಡಿ. ಒಂದು ಸಲ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೋಗು. ತಿರುಗಾಮುರುಗಾ ಇದ್ದಿದ್ದರೆ? ಅವಸರ ಇರುವುದು ನಿಲ್ಲಿಸುವುದಕ್ಕೆ. ಅದಕ್ಕೆ ಒಂದೇ ಎಳೆತ ಸಾಕಾಗುವುದು ಎಷ್ಟು ಸರಿ! ಅರ್ಧ ಹತ್ತಿದ ಮುದುಕಿಯೊಬ್ಬರು ಕಾಲು ಜಾರಿದಾಗ ಕಂಡಕ್ಟರ್‌ಗೆ ಎಣಿಸುವ ಪುರುಸೊತ್ತು ಇರುವುದಿಲ್ಲ.

ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಎಂಬ ಸಂಶೋಧಕರು 1985ರಲ್ಲಿ ವಿನ್ಯಾಸಕಾರರಿಗೆ ಮೂರು ಮಾತು ಹೇಳಿದ್ದರು. ಶುರುವಿನಲ್ಲೇ ಬಳಸುವವರನ್ನು, ಅವರ ಕೆಲಸವನ್ನು ನೋಡಿ. ಅವರ ಕೈಗೇ ಕೊಟ್ಟು ಪರೀಕ್ಷಿಸಿ. ತಿದ್ದಿ, ಮತ್ತೆ ಪರೀಕ್ಷಿಸಿ. ಇದಕ್ಕೆ ಸಾವಿರ ಜನ ಬೇಕಾಗಿಲ್ಲ. ಐದು ಜನ ಬಳಸುವುದನ್ನು ನೋಡಿದರೂ ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುತ್ತವೆ ಎಂಬುದು ಇದೇ ವಿದ್ಯೆಯ ತಜ್ಞ ಜೇಕಬ್ ನೀಲ್ಸನ್ ಅವರ ವಾದ. ಬದಿಯಡ್ಕ ಸ್ಟ್ಯಾಂಡಿನ ಬೆಂಚಿನಲ್ಲಿ ಯಾವ ಬೆಳಿಗ್ಗೆ ಹೋದರೂ ಅಷ್ಟು ಜನ ಸಿಗುತ್ತಾರೆ. ಅವರನ್ನು ಕೇಳಿದ್ದರೆ ನೀಲಿ ಬಣ್ಣ ಬಳಿಯುವಾಗಲೇ ಮುಂದಿನ ಗಾಜಿನ ಮೇಲೆ ದೊಡ್ಡದೊಂದು ನಂಬರೋ, ಬೋರ್ಡಿನಲ್ಲಿ ಕನ್ನಡದ ಒಂದು ಸಾಲೋ ಸೇರುತ್ತಿತ್ತು.

ದೊಡ್ಡಮ್ಮ ಈಗ ತಮ್ಮದೇ ಗುರುತು ಮಾಡಿಕೊಂಡಿದ್ದಾರೆ. ಮುಳ್ಳೇರಿಯದ ಬಸ್ಸಿನ ಗಾಜಿನ ಹಿಂದೆ ಪ್ಲಾಸ್ಟಿಕ್ ಸೇವಂತಿಗೆಯ ಮಾಲೆ ತೂಗುತ್ತದೆ. ಬಸ್ಸು ತಿರುವಿನಲ್ಲಿ ಕಂಡಾಗ ಅವರು ಏಳುವುದಿಲ್ಲ. ಹತ್ತಿರ ಬರಲಿ ಅಂತ ಕಾಯುತ್ತಾರೆ, ಕಣ್ಣು ಕಿರಿದು ಮಾಡಿ ಮಾಲೆ ಹುಡುಕುತ್ತಾರೆ. ಆದರೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗಿನವರನ್ನು ಕೇಳುತ್ತಾರೆ, "ಇದು ಮುಳ್ಳೇರಿಯಕ್ಕೆ ಹೋಗ್ತದಲ್ಲಾ?"