ತೋಟ ಯಾವಾಗ ಎಸ್ಟೇಟ್ ಆಗುತ್ತದೆ?

ಪ್ರಶ್ನೆ: ಮೂಡಿಗೆರೆ ಕಡೆ ನಮಗೆ ಆರು ಎಕರೆ ಕಾಫಿ ಇದೆ. ನಾವು ಅದನ್ನು ತೋಟ ಎನ್ನುತ್ತೇವೆ. ಬೇಲಿಯಾಚೆಗಿನ ಇನ್ನೂರು ಎಕರೆ ಮಾತ್ರ ಎಸ್ಟೇಟ್. ಗಿಡವೂ ಅದೇ, ಮಳೆಯೂ ಅದೇ. ಪತ್ರಿಕೆ ತೆರೆದರೆ ಪತ್ರಿಕಾರಂಗವೇ ‘ಫೋರ್ತ್ ಎಸ್ಟೇಟ್’ ಎಂದಿರುತ್ತದೆ. ಕೆಳಗೆ ರಿಯಲ್ ಎಸ್ಟೇಟ್ ಜಾಹೀರಾತು. ಇವೆಲ್ಲ ಒಂದೇ ಪದವೇ? ನಮ್ಮ ಗೇಟಿನ ಮೇಲೂ ಎಸ್ಟೇಟ್ ಎಂದು ಬರೆಸಬೇಕೆಂದು ಮಗ ಹಟ ಹಿಡಿದಿದ್ದಾನೆ. ಬರೆಸಬಹುದೇ?

ಉತ್ತರ: ಒಂದೇ ಪದ. ಬೋರ್ಡಿನ ವಿಚಾರವನ್ನು ಕೊನೆಗೆ ನೋಡೋಣ. ಅದಕ್ಕೂ ಮೊದಲು ಈ ಪದ ಬಂದ ದಾರಿ ತಿಳಿಯಬೇಕು.

ಮೂಲದಲ್ಲಿ ಎಸ್ಟೇಟ್ ಎಂಬುದಕ್ಕೂ ನೆಲಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನಲ್ಲಿ ‘ಸ್ತಾರೆ’ ಎಂದರೆ ನಿಲ್ಲುವುದು. ಅದರಿಂದ ‘ಸ್ತಾತುಸ್’, ಅಂದರೆ ನಿಂತಿರುವ ರೀತಿ, ಸ್ಥಿತಿ. ‘ಸ್ಥಿತಿ’ ಎಂದು ನಾನು ಬರೆದದ್ದು ಆಕಸ್ಮಿಕವಲ್ಲ. ಸಂಸ್ಕೃತದ ‘ಸ್ಥಾ’ ಧಾತುವೂ ಲ್ಯಾಟಿನ್ನಿನ ಆ ಪದವೂ ಒಂದೇ ಬೇರಿನವು. ಸ್ಥಾನ, ಸ್ಥಿರ, ಸ್ಥಾವರ, ಸಂಸ್ಥಾನ ಎಲ್ಲವೂ ಎಸ್ಟೇಟಿನ ದಾಯಾದಿಗಳು. ಕಡೂರಿನ ರೈಲ್ವೆ ಸ್ಟೇಷನ್ನಿನ ‘ಸ್ಟೇಷನ್’ ಲ್ಯಾಟಿನ್ ಕಡೆಯ ನೆಂಟ. ಬಸ್ ಸ್ಟ್ಯಾಂಡಿನ ‘ಸ್ಟ್ಯಾಂಡ್’ ಇಂಗ್ಲಿಷಿನದೇ ಹಳೆಯ ಪದವಾದರೂ ಬೇರು ಅದೇ. ಕನ್ನಡದ ‘ನಿಲ್ದಾಣ’ದಲ್ಲಿ ನಿಲ್ಲುವುದು ನಮ್ಮದು, ‘ತಾಣ’ ಮಾತ್ರ ‘ಸ್ಥಾನ’ದ ತದ್ಭವ. ಅಂದರೆ ಎಸ್ಟೇಟಿನ ಬಂಧುವೊಂದು ಅಲ್ಲಿಯೂ ಸದ್ದಿಲ್ಲದೆ ಕುಳಿತಿದೆ.

ಹಾಗಾದರೆ ಮುಂದಿನ ‘ಎ’ ಎಲ್ಲಿಂದ ಬಂತು? ನಮ್ಮ ಅಜ್ಜಿಯರು ಸ್ಕೂಲನ್ನು ‘ಇಸ್ಕೂಲು’ ಎನ್ನುತ್ತಿದ್ದರಲ್ಲ, ಅಲ್ಲಿಂದ! ತಮಾಷೆಯಲ್ಲ. ಪದದ ಮೊದಲಲ್ಲಿ ಸಕಾರದ ಒತ್ತಕ್ಷರ ಬಂದರೆ ನಾಲಿಗೆ ಒಂದು ಸ್ವರದ ಆಸರೆ ಹುಡುಕುತ್ತದೆ. ಲ್ಯಾಟಿನ್ನಿನಿಂದ ಫ್ರೆಂಚ್ ಹುಟ್ಟುವಾಗಲೂ ಅದೇ ಆಯಿತು. ‘ಸ್ತಾತುಸ್’ ಎಂಬುದು ‘ಎಸ್ಟಾಟ್’ ಆಯಿತು. 1066ರಲ್ಲಿ ಫ್ರಾನ್ಸಿನ ಉತ್ತರ ತೀರದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಲ್ಲಿನ ಅರಮನೆಯ ಮತ್ತು ನ್ಯಾಯಾಲಯದ ಭಾಷೆಯಾಯಿತು. ಮುಂದೆ ಇಂಗ್ಲಿಷ್ ಅದನ್ನು ‘ಎಸ್ಟೇಟ್’ ಎಂದು ಇಡಿಯಾಗಿ ಇಟ್ಟುಕೊಂಡಿತು, ತಲೆ ಕತ್ತರಿಸಿ ‘ಸ್ಟೇಟ್’ ಎಂದೂ ಮಾಡಿಕೊಂಡಿತು. ಅದೂ ಸಾಲದೆ ಬಹಳ ಕಾಲದ ಮೇಲೆ ಲ್ಯಾಟಿನ್ ಪದವನ್ನೇ ನೇರವಾಗಿ ತಂದು ‘ಸ್ಟೇಟಸ್’ ಎಂದಿತು. ನಿಮ್ಮ ಮಗ ಬೆಳಗ್ಗೆ ಮೊಬೈಲಿನಲ್ಲಿ ಹಾಕುವ ಸ್ಟೇಟಸ್, ಕರ್ನಾಟಕವೆಂಬ ಸ್ಟೇಟ್, ಬೇಲಿಯಾಚೆಗಿನ ಎಸ್ಟೇಟ್ ಮೂರೂ ಒಂದೇ ತಾಯಿಯ ಮಕ್ಕಳು.

ಮೊದಲ ಅರ್ಥ ಮನುಷ್ಯನ ಸ್ಥಿತಿ ಎಂಬುದೇ. ಇಂಗ್ಲೆಂಡಿನ ಚರ್ಚಿನ ಮದುವೆಯ ವಿಧಿಯಲ್ಲಿ ದಾಂಪತ್ಯವನ್ನು ಪವಿತ್ರವಾದ ‘ಎಸ್ಟೇಟ್’ ಎಂದು ಕರೆಯುತ್ತಾರೆ. ಮದುಮಗನಿಗೆ ಮಾವ ತೋಟ ಬರೆದುಕೊಡುತ್ತಾನೆ ಎಂದಲ್ಲ! ನಾವು ಗೃಹಸ್ಥಾಶ್ರಮ ಎನ್ನುವುದಿಲ್ಲವೇ, ಅದರಲ್ಲಿನ ‘ಸ್ಥ’ ಕೂಡ ಇದೇ ನಿಲ್ಲುವ ಧಾತು.

ಮನುಷ್ಯನ ಸ್ಥಿತಿಯಿಂದ ಪದ ಸಮಾಜದ ಅಂತಸ್ತಿಗೆ ಬಂತು. ಹಳೆಯ ಫ್ರಾನ್ಸಿನಲ್ಲಿ ಪಾದ್ರಿಗಳು ಮೊದಲ ಎಸ್ಟೇಟ್, ಕುಲೀನರು ಎರಡನೆಯದು, ಉಳಿದ ಸಮಸ್ತ ಜನ ಮೂರನೆಯದು. 1789ರ ಮೇ 5ರಂದು ವರ್ಸೈಲ್ಸ್‌ನಲ್ಲಿ ಮೂರೂ ವರ್ಗಗಳ ಸಭೆ ಸೇರಿತು. ಆರು ವಾರಗಳಲ್ಲಿ, ಜೂನ್ 17ರಂದು, ಮೂರನೆಯವರು ನಾವೇ ರಾಷ್ಟ್ರೀಯ ಸಭೆ ಎಂದು ಘೋಷಿಸಿಕೊಂಡರು. ಮುಂದಿನದು ಕ್ರಾಂತಿಯ ಕಥೆ.

ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎಣಿಕೆ ಸ್ವಲ್ಪ ಬೇರೆ: ಬಿಷಪ್ಪರು, ಶ್ರೀಮಂತ ಪ್ರಭುಗಳು, ಸಾಮಾನ್ಯರ ಸಭೆ. ಅಲ್ಲಿನ ವರದಿಗಾರರ ಗ್ಯಾಲರಿಯನ್ನು ತೋರಿಸಿ, ಈ ಮೂರಕ್ಕಿಂತ ಮುಖ್ಯವಾದ ನಾಲ್ಕನೆಯದು ಅಗೋ ಅಲ್ಲಿ ಕುಳಿತಿದೆ ಎಂದು ಅಲ್ಲಿನ ಸಂಸದ ಎಡ್ಮಂಡ್ ಬರ್ಕ್ ಹೇಳಿದನಂತೆ. ‘ಅಂತೆ’ ಏಕೆಂದರೆ ಇದನ್ನು ನಮಗೆ ಹೇಳಿದವನು ಲೇಖಕ ಥಾಮಸ್ ಕಾರ್ಲೈಲ್, 1840ರ ಒಂದು ಉಪನ್ಯಾಸದಲ್ಲಿ. ಅಷ್ಟರಲ್ಲಿ ಬರ್ಕ್ ತೀರಿಕೊಂಡು ನಲವತ್ತು ವರ್ಷ ಕಳೆದಿತ್ತು.

ಇಲ್ಲಿ ನನ್ನದೊಂದು ತಕರಾರಿದೆ. ನಮ್ಮ ವೇದಿಕೆಗಳಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬೆರಳು ಮಡಿಸಿ ಪತ್ರಿಕೆಯನ್ನು ‘ನಾಲ್ಕನೇ ಅಂಗ’ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ನುಡಿಗಟ್ಟಿನ ಮೊದಲ ಮೂರರಲ್ಲಿ ನ್ಯಾಯಾಲಯ ಇರಲೇ ಇಲ್ಲ, ಬಿಷಪ್ಪರಿದ್ದರು. ಅದು ಸರ್ಕಾರದ ಅಂಗಗಳ ಎಣಿಕೆಯಲ್ಲ, ಸಮಾಜದ ಅಂತಸ್ತುಗಳ ಎಣಿಕೆ.

ಇನ್ನು ನೆಲ. ನಾರ್ಮನ್ನರ ಕಾಲದಿಂದ ಇಂಗ್ಲೆಂಡಿನ ಕಾನೂನಿನಲ್ಲಿ ಭೂಮಿಯೆಲ್ಲ ಕಡೆಗೆ ರಾಜನದು. ಉಳಿದವರು ಅದನ್ನು ಅವನಿಂದ ಪಡೆದು ಅನುಭವಿಸುವವರು ಮಾತ್ರ. ನಮ್ಮ ಉಂಬಳಿ, ಜಹಗೀರುಗಳನ್ನು ನೆನೆದರೆ ಹತ್ತಿರದ ಚಿತ್ರ ಸಿಗುತ್ತದೆ. ಹಾಗಾಗಿ ಒಬ್ಬನ ಕೈಯಲ್ಲಿ ಇದ್ದದ್ದು ನೆಲವಲ್ಲ, ನೆಲದ ಮೇಲಿನ ಅವನ ನಿಲುವು. ಜೀವ ಇರುವತನಕವೇ, ಮಕ್ಕಳು ಮೊಮ್ಮಕ್ಕಳತನಕವೇ ಎಂಬುದರ ಮೇಲೆ ಆ ನಿಲುವಿಗೆ ತೂಕ. ಆ ಹಕ್ಕಿನ ಹೆಸರು ಎಸ್ಟೇಟ್. ಹಕ್ಕಿನ ಹೆಸರು ನಿಧಾನವಾಗಿ ನೆಲಕ್ಕೇ ಅಂಟಿಕೊಂಡಿತು. ಸತ್ತವರು ಬಿಟ್ಟುಹೋದ ಬೆಳ್ಳಿ ಚೊಂಬಿನಿಂದ ಬ್ಯಾಂಕಿನ ಠೇವಣಿಯತನಕ ಎಲ್ಲವೂ ಸೇರಿ ಎಸ್ಟೇಟ್ ಎನಿಸಿಕೊಂಡಿತು. ನಮ್ಮ ದೇಶದಲ್ಲೂ 1953ರ ಕಾಯ್ದೆಯೊಂದರ ಪ್ರಕಾರ ಹೀಗೆ ಬಿಟ್ಟುಹೋದದ್ದರ ಮೇಲೆ ‘ಎಸ್ಟೇಟ್ ಡ್ಯೂಟಿ’ ಎಂಬ ತೆರಿಗೆ ಇತ್ತು, 1985ರಲ್ಲಿ ರದ್ದಾಯಿತು.

ರಿಯಲ್ ಎಸ್ಟೇಟಿನ ‘ರಿಯಲ್’ ಎಂದರೆ ‘ಅಸಲಿ’ ಅಲ್ಲ. ಸ್ಪ್ಯಾನಿಷಿನಲ್ಲಿ ‘ರೆಯಾಲ್’ ಎಂದರೆ ರಾಜನದು, ಅದರಿಂದ ಬಂತು ಎಂಬ ವಾದವನ್ನೂ ನಂಬಬೇಡಿ. ಅದು ಲ್ಯಾಟಿನ್ನಿನ ‘ರೇಸ್’, ಅಂದರೆ ವಸ್ತು. ದಾವೆ ಗೆದ್ದರೆ ವಸ್ತುವೇ ಕೈಗೆ ಮರಳುವಂತಿದ್ದರೆ ಅದು ರಿಯಲ್. ಪರಿಹಾರದ ಹಣವಷ್ಟೇ ಸಿಗುವಂತಿದ್ದರೆ ಪರ್ಸನಲ್. ಕಳೆದುಹೋದ ಹಸುವಿಗೆ ಬೆಲೆ ಕಟ್ಟಿ ಕೊಡಬಹುದು, ಆದರೆ ನೆಲ ಎಲ್ಲಿಗೂ ಓಡಿಹೋಗುವುದಿಲ್ಲ. ಕನ್ನಡದ ‘ಸ್ಥಿರಾಸ್ತಿ’ ಇದಕ್ಕಿಂತ ಎಷ್ಟು ಸೊಗಸು ನೋಡಿ: ‘ಸ್ಥಿರ’ ಎನ್ನುವಾಗಲೇ ಎಸ್ಟೇಟಿನ ಬೇರು ಅದರೊಳಗೆ ಬಂದುಬಿಟ್ಟಿದೆ.

ಈಗ ನಿಮ್ಮ ಬೇಲಿಗೆ ಬರೋಣ. ಬಾಬಾಬುಡನ್ ಗಿರಿಗೆ ಕಾಫಿ ಬೀಜ ಬಂದದ್ದು 17ನೆಯ ಶತಮಾನದಲ್ಲಿ ಎಂಬುದು ಪ್ರತೀತಿ. ಬಹಳ ಕಾಲ ಅದು ಮನೆಯ ಹಿತ್ತಲಿನ ಗಿಡ. 1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷರವನು ಗಿರಿಯ ತೆಂಕಣ ಮಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಫಿ ಹಾಕಿದ. 1843ರಲ್ಲಿ ಗ್ರೀನ್ ಎಂಬವನು ಸಕಲೇಶಪುರದ ಕಡೆ, ಆಗಿನ ಮಂಜರಾಬಾದಿನಲ್ಲಿ, ಶುರುಮಾಡಿದ. ಎಸ್ಟೇಟ್ ಎಂಬ ಪದ ಅವರ ಸಾಮಾನಿನ ಜೊತೆಯಲ್ಲೇ ಘಟ್ಟಕ್ಕೆ ಬಂತು. ಪದದ ಹಿಂದೆ ಬಂಗಲೆ, ಕೂಲಿಯವರ ಲೈನ್ ಮನೆ, ಮೇಸ್ತ್ರಿ, ಹಾಜರಿ ಪುಸ್ತಕ ಬರೆಯುವ ರೈಟರು ಎಲ್ಲ ಬಂದರು. (ಈ ‘ರೈಟರ್’ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನ ಹುದ್ದೆಯ ಹೆಸರು. ಅದರ ಕಥೆ ಇನ್ನೊಂದು ದಿನಕ್ಕಿರಲಿ.)

ತೀರ್ಥಹಳ್ಳಿಯ ಕಡೆ ಎಷ್ಟೇ ಎಕರೆ ಅಡಿಕೆ ಇದ್ದರೂ ಅದು ಅಡಿಕೆ ತೋಟ. ಅರಸೀಕೆರೆಯ ತೆಂಗೂ ಹಾಗೆಯೇ. ಎಸ್ಟೇಟ್ ಆಗುವ ಭಾಗ್ಯ ನಮ್ಮಲ್ಲಿ ಕಾಫಿ, ಏಲಕ್ಕಿ, ಟೀಯಂಥ ಬೆಳೆಗಳಿಗೆ ಮಾತ್ರ. ಅದೂ ಬಂಗಲೆ ಮತ್ತು ರೈಟರು ಇದ್ದರೆ. ಆದ್ದರಿಂದ ನೀವು ಬೇಲಿಯ ಎರಡು ಕಡೆ ಕಾಣುವ ಭೇದ ಎಕರೆಯದು ಅಷ್ಟಾಗಿ ಅಲ್ಲ, ಅಂತಸ್ತಿನದು. ಎರಡು ಸಾವಿರ ವರ್ಷ ಕಳೆದರೂ ಪದ ತನ್ನ ಹುಟ್ಟುಗುಣ ಬಿಟ್ಟಿಲ್ಲ.

ಆ ಅಂತಸ್ತು ಎಲ್ಲ ಕಡೆಯೂ ಮೇಲಿನದೇ ಎಂದುಕೊಳ್ಳಬೇಡಿ. ಇಂದಿನ ಬ್ರಿಟನ್ನಿನಲ್ಲಿ ‘ಎಸ್ಟೇಟಿನಲ್ಲಿ ಬೆಳೆದವನು’ ಎಂದರೆ ಅನೇಕ ಸಲ ನಗರಾಡಳಿತ ಬಡವರಿಗೆ ಕಟ್ಟಿಸಿದ ಬಾಡಿಗೆ ಮನೆಗಳ ಬಡಾವಣೆಯಲ್ಲಿ ಬೆಳೆದವನು! 1992ರಲ್ಲಿ ಬಂದ ‘ಟಾಟಾ ಎಸ್ಟೇಟ್’ ಕಾರು ನಿಮಗೆ ನೆನಪಿರಬಹುದು. ಹಿಂದೆ ಸಾಮಾನಿಗೆ ಜಾಗವಿರುವ ಇಂಥ ಗಾಡಿಗೆ ಬ್ರಿಟನ್ನಿನಲ್ಲಿ ಎಸ್ಟೇಟ್ ಎನ್ನುತ್ತಾರೆ, ಅಮೆರಿಕದಲ್ಲಿ ಸ್ಟೇಷನ್ ವ್ಯಾಗನ್. ರೈಲಿನಿಂದ ಇಳಿದವರನ್ನು ಪೆಟ್ಟಿಗೆ ಸಮೇತ ಹಳ್ಳಿಯ ಬಂಗಲೆಗೆ ಒಯ್ಯುವ ಗಾಡಿ ಅದು. ಒಬ್ಬರು ಹೊರಟ ಜಾಗದ ಹೆಸರಿಟ್ಟರು, ಇನ್ನೊಬ್ಬರು ತಲುಪುವ ಜಾಗದ್ದು. ಎರಡೂ ಅದೇ ‘ನಿಲ್ಲು’ವಿನ ಪದಗಳು.

ಬೋರ್ಡಿನ ವಿಚಾರ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್‌ತನಕ ಸಣ್ಣ ಬೆಳೆಗಾರರು. ನಿಮ್ಮ ಆರು ಎಕರೆ ಎರಡೂವರೆ ಹೆಕ್ಟೇರೂ ಆಗುವುದಿಲ್ಲ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಇರುತ್ತವೆಯೇ ಹೊರತು ಅಂತಸ್ತು ಇರುವುದಿಲ್ಲ. 1961ರ ಭೂಸುಧಾರಣಾ ಕಾಯ್ದೆ ಕಾಫಿಗೆ ವಿನಾಯಿತಿ ಕೊಡುವಾಗ ಬಳಸಿದ ಪದವೂ ಎಸ್ಟೇಟ್ ಅಲ್ಲ, ಪ್ಲಾಂಟೇಷನ್. ಹೀಗಾಗಿ ಮಗ ಬರೆಸಲಿ, ಅಡ್ಡಿಯಿಲ್ಲ. ಹಾಜರಿ ಪುಸ್ತಕ ಬರೆಯುವವರು ಯಾರು ಎಂದು ಮಾತ್ರ ಅವನನ್ನೊಮ್ಮೆ ಕೇಳಿ.